ಟೈರಿಗೆ ಬೀಳುವ ಭಾರ: ರೇಸಿಂಗ್ ಸಿಮ್ಯುಲೇಟರುಗಳಲ್ಲಿ ಕಾರಿನ ಸೆಟಪ್

ರೇಸಿಂಗ್ ಗೇಮಿನ ಸೆಟಪ್ ಪುಟ ತೆರೆದರೆ ಹತ್ತಾರು ಅಂಕಿಗಳು ಒಟ್ಟಿಗೆ ಎದುರಾಗುತ್ತವೆ: ಟೈರಿನ ಗಾಳಿಯೊತ್ತಡ, ಕ್ಯಾಂಬರ್, ಸ್ಪ್ರಿಂಗ್, ಡ್ಯಾಂಪರ್, ಆ್ಯಂಟಿ-ರೋಲ್ ಬಾರ್, ಡಿಫರೆನ್ಷಿಯಲ್, ರೆಕ್ಕೆ. ವೇಗದ ಆಟಗಾರನೊಬ್ಬನ ಅಂಕಿಗಳನ್ನು ಇದ್ದಂತೆಯೇ ಎತ್ತಿಕೊಂಡು, ತನ್ನ ಲ್ಯಾಪ್ ಸಮಯವೂ ಇಳಿದೀತೆಂದು ನಂಬುವವರು ಬಹಳ. ಆ ನಂಬಿಕೆ ಏಕೆ ಹುಸಿಹೋಗುತ್ತದೆ ಎಂಬುದೇ ಇಲ್ಲಿನ ಚರ್ಚೆ. ಈ ಅಂಕಿಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಬಳಿಗೆ ಬಂದು ನಿಲ್ಲುತ್ತವೆ: ತಿರುವಿನಲ್ಲಿ ನಾಲ್ಕು ಟೈರುಗಳು ಭಾರವನ್ನು ಹೇಗೆ ಹಂಚಿಕೊಳ್ಳುತ್ತವೆ? ಅದಕ್ಕೆ ಸಿಗುವ ಉತ್ತರ ಕಾರಿನಷ್ಟೇ ಚಾಲಕನನ್ನೂ ಗೇಮಿನ ಗಣಿತವನ್ನೂ ಅವಲಂಬಿಸಿದೆ.

ಈ ಪುಟಕ್ಕೆ ನಾಲ್ಕು ದಶಕಗಳ ಇತಿಹಾಸವಿದೆ. ಜೆಫ್ ಕ್ರಾಮಂಡ್ 1984ರಲ್ಲಿ ಬಿಬಿಸಿ ಮೈಕ್ರೋ ಕಂಪ್ಯೂಟರಿಗೆಂದು ಬರೆದ ‘ರೆವ್ಸ್’ನಲ್ಲಿ ಫಾರ್ಮುಲಾ 3 ಕಾರಿನ ಹಿಂದು ಮುಂದಿನ ರೆಕ್ಕೆಗಳನ್ನು ಹೊಂದಿಸಬಹುದಿತ್ತು. 1989ರಲ್ಲಿ ಪಪೈರಸ್ ಸಂಸ್ಥೆ ‘ಇಂಡಿಯಾನಾಪೊಲಿಸ್ 500’ ಗೇಮನ್ನು ಹೊರತಂದಿತು. ಎಡಕ್ಕೆ ಮಾತ್ರ ತಿರುಗುವ ಓಟಪಥಕ್ಕೆ ಬಲಬದಿಯ ಟೈರನ್ನು ಎಡದ್ದಕ್ಕಿಂತ ತುಸು ದೊಡ್ಡದಾಗಿಸುವ ಸ್ಟ್ಯಾಗರ್ ಕೂಡ ಅದರ ಮೂಲಕ ಮನೆಯ ಕಂಪ್ಯೂಟರಿಗೆ ಬಂತು. ಅದೇ ಸಂಸ್ಥೆಯ ‘ಗ್ರ್ಯಾಂಡ್ ಪ್ರೀ ಲೆಜೆಂಡ್ಸ್’ (1998) ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ ಕೃತಿ. ಅದು ಆರಿಸಿಕೊಂಡದ್ದು 1967ರ ಋತುವನ್ನು. ಆಗಿನ ಗ್ರ್ಯಾಂಡ್ ಪ್ರೀ ಕಾರುಗಳಿಗೆ ರೆಕ್ಕೆಗಳಿರಲಿಲ್ಲ. ಗಾಳಿ ಕೆಳಗೆ ಒತ್ತಿ ಹಿಡಿಯುವ ಸಹಾಯ ಇಲ್ಲದ್ದರಿಂದ ಹಿಡಿತವೆಲ್ಲ ಟೈರು, ಸಸ್ಪೆನ್ಷನ್, ಡಿಫರೆನ್ಷಿಯಲ್‌ಗಳಿಂದಲೇ ಬರಬೇಕಿತ್ತು. ವೇಗವರ್ಧಕದಿಂದ ಕಾಲು ತೆಗೆದೊಡನೆ ಕಾರಿನ ಹಿಂಭಾಗ ಸರ್ರನೆ ಹೊರಗೆ ಜಾರುತ್ತಿದ್ದುದು, ಹಿಂದಿನ ಎರಡು ಚಕ್ರಗಳನ್ನು ಒಂದೇ ವೇಗಕ್ಕೆ ಕಟ್ಟುವ ಡಿಫರೆನ್ಷಿಯಲ್‌ನ ಲಾಕ್ ಹೆಚ್ಚಿಸಿದರೆ ಅದೇ ತಿರುವಿನಲ್ಲಿ ಶಾಂತವಾಗುತ್ತಿದ್ದುದು, ಇವೆರಡರ ನಡುವಿನ ಕಾರ್ಯಕಾರಣವನ್ನು ಆಟಗಾರರು ಕೈಯಲ್ಲೇ ಅನುಭವಿಸಿದರು.

ಒಂದು ಲೆಕ್ಕ ನೋಡೋಣ. ಕಾರಿನ ತೂಕ 1300 ಕೆ.ಜಿ., ಗುರುತ್ವಕೇಂದ್ರದ ಎತ್ತರ 44 ಸೆಂ.ಮೀ., ಎಡಬಲ ಚಕ್ರಗಳ ನಡುವಿನ ಅಂತರ 1.65 ಮೀಟರ್ ಎಂದಿಟ್ಟುಕೊಳ್ಳೋಣ. ಗುರುತ್ವದ ಒಂದೂವರೆ ಪಟ್ಟು ಬಲದಲ್ಲಿ ತಿರುಗಿದಾಗ 520 ಕೆ.ಜಿ.ಯಷ್ಟು ಭಾರ ಒಳಬದಿಯಿಂದ ಹೊರಬದಿಗೆ ಸರಿಯುತ್ತದೆ. ರೆಕ್ಕೆಯ ಒತ್ತಡವನ್ನು ಬಿಟ್ಟರೆ ಹೊರಗಿನ ಎರಡು ಟೈರುಗಳ ಪಾಲು 1170 ಕೆ.ಜಿ., ಒಳಗಿನವುಗಳ ಪಾಲು ಬರೀ 130. ಎಡಬಲ ಚಕ್ರಗಳನ್ನು ಜೋಡಿಸಿ ಕಾರಿನ ವಾಲಾಟ ತಡೆಯುವ ಆ್ಯಂಟಿ-ರೋಲ್ ಬಾರನ್ನು ಎಷ್ಟೇ ತಿರುಚಿದರೂ ಈ 520 ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಬಾರ್ ನಿರ್ಧರಿಸುವುದು, ಅದರಲ್ಲಿ ಮುಂದಿನ ಟೈರುಗಳ ನಡುವೆ ಎಷ್ಟು ಸರಿಯಬೇಕು, ಹಿಂದಿನವುಗಳ ನಡುವೆ ಎಷ್ಟು ಎಂಬುದನ್ನು ಮಾತ್ರ. ಟೈರಿನ ಸ್ವಭಾವವೂ ಇಲ್ಲಿ ಕೂಡಿಕೊಳ್ಳುತ್ತದೆ. ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಹೀಗಾಗಿ ಯಾವ ಜೋಡಿಯಲ್ಲಿ ಭಾರದ ಅಸಮತೆ ಹೆಚ್ಚೋ ಆ ಜೋಡಿ ಮೊದಲು ಸೋಲುತ್ತದೆ: ಮುಂದಿನದು ಸೋತರೆ ಮೂತಿ ಹೊರಕ್ಕೆ ಎಳೆಯುವ ಅಂಡರ್‌ಸ್ಟಿಯರ್, ಹಿಂದಿನದು ಸೋತರೆ ಹಿಂಭಾಗ ಹೊರಗೆ ಜಾರುವ ಓವರ್‌ಸ್ಟಿಯರ್.

ಕುನೋಸ್ ಸಿಮುಲಾಝಿಯೋನಿಯವರ ‘ಅಸೆಟ್ಟೊ ಕೋರ್ಸಾ ಕಾಂಪಿಟಿಝಿಯೋನೆ’ಯಲ್ಲಿ ಜಿಟಿ3 ಕಾರೊಂದನ್ನು ಮೊಂಝಾ ಓಟಪಥದ ಪಾರಾಬೋಲಿಕಾ ತಿರುವಿಗೆ ಒಯ್ದರೆ ಇದು ಕಣ್ಣಿಗೇ ಕಾಣುತ್ತದೆ. ಅದು ಬಲಕ್ಕೆ ಹೊರಳುತ್ತ ಹೋಗುವ ಉದ್ದನೆಯ ತಿರುವು, ಹೊರೆಯೆಲ್ಲ ಎಡದ ಟೈರುಗಳ ಮೇಲೆ. ಮೂತಿ ಹೊರಕ್ಕೆ ಎಳೆಯುತ್ತಿದ್ದರೆ ಮುಂದಿನ ಬಾರನ್ನು ಒಂದು ಹಂತ ಸಡಿಲಿಸಬಹುದು. ಮೂತಿ ಒಳಗೆ ಬರುತ್ತದೆ. ಆದರೆ ಅಲ್ಲಿ ಇಳಿದ ಹೊರೆ ಹಿಂದಿನ ಟೈರುಗಳಿಗೆ ಏರಿರುತ್ತದೆ. ತಿರುವಿನಿಂದ ಹೊರಬೀಳುತ್ತ ಆ್ಯಕ್ಸಿಲರೇಟರ್ ಒತ್ತಿದಾಗ ಹಿಂದಿನ ಚಕ್ರ ಹಿಡಿತ ತಪ್ಪಿದರೆ, ಮುಂದೆ ಇರುವ ಉದ್ದನೆಯ ನೇರ ಹಾದಿಯುದ್ದಕ್ಕೂ ಆ ನಷ್ಟ ಬೆನ್ನುಬಿಡುವುದಿಲ್ಲ. ಮೂತಿ ಹೊರಕ್ಕೆ ಎಳೆಯುವ ಆ ಮೊದಲಿನ ತೊಂದರೆಯನ್ನೇ ಹಿಂದಿನ ಬಾರನ್ನು ಬಿಗಿಮಾಡಿ ಸರಿಪಡಿಸಲು ಹೋದರೆ, ಮೊದಲ ಶಿಕೇನಿನ ಕರ್ಬ್ ಮೇಲೆ ಕಾರು ನೆಗೆಯತೊಡಗುತ್ತದೆ. ಒಂದು ತಿರುವಿಗೆ ಕೊಟ್ಟ ಮದ್ದು ಇನ್ನೊಂದು ತಿರುವಿನ ಕಾಯಿಲೆಯಾಗಬಹುದೆಂಬುದನ್ನು ಎರವಲು ತಂದ ಸೆಟಪ್ ತಿಳಿಸುವುದಿಲ್ಲ. ಬ್ರೇಕನ್ನು ತಿರುವಿನ ಒಳಗಿನವರೆಗೂ ಹಿಡಿದಿಟ್ಟು ಬಿಡುವ ಚಾಲಕ ಮುಂದಿನ ಟೈರುಗಳಿಗೆ ತಾನೇ ಭಾರ ಕೊಡುತ್ತಿರುತ್ತಾನೆ. ನೇರ ಹಾದಿಯಲ್ಲೇ ಬ್ರೇಕ್ ಮುಗಿಸುವವನಿಗೆ ಅದೇ ಅಂಕಿಗಳು ತಿರುಗಲೊಲ್ಲದ ಕಾರನ್ನು ಕೊಡುತ್ತವೆ.

ಗಣಿತದ ಮಾದರಿಯೂ ಸ್ಥಿರವಲ್ಲ. ಈ ಗೇಮಿನಲ್ಲಿ ಒಣ ಟೈರಿಗೆ ಬಿಸಿಯಾದ ಮೇಲೆ 27.5 ಪಿಎಸ್‌ಐ ಆಸುಪಾಸಿನ ಒತ್ತಡವೇ ಸರಿಯೆಂದು ಆಟಗಾರರು ಬಹುಕಾಲ ಪಾಲಿಸಿದರು. 2023ರ 1.9 ಆವೃತ್ತಿಯಲ್ಲಿ ಟೈರಿನ ಮಾದರಿ ಬದಲಾಯಿತು. ಗುರಿ 26ರಿಂದ 27ರ ನಡುವೆ ಬಂದು ನಿಂತಿತು. ಕಾರು ಅದೇ, ಮೊಂಝಾ ಅದೇ, ಹಳೆಯ ಸೆಟಪ್ ಮಾತ್ರ ಕೆಲಸಕ್ಕೆ ಬಾರದಾಯಿತು.

ಹಾಗೆಂದು ಸಿಮ್ಯುಲೇಟರಿನ ಪ್ರಯೋಗಗಳಿಗೆ ಬೆಲೆಯಿಲ್ಲವೆಂದಲ್ಲ. ನಿಜವಾದ ಓಟಪಥದಲ್ಲಿ ಬೆಳಗಿನ ಟಾರು ಮಧ್ಯಾಹ್ನಕ್ಕೆ ಬಿಸಿಯೇರುತ್ತದೆ, ಟೈರು ಸವೆಯುತ್ತದೆ, ಪೆಟ್ರೋಲು ಇಳಿಯುತ್ತದೆ. ಇಲ್ಲಿ ಇವನ್ನೆಲ್ಲ ಸ್ಥಿರವಾಗಿಟ್ಟು ಒಂದೇ ಅಂಶವನ್ನು ಬದಲಿಸಿ ನೋಡಬಹುದು. ಈ ಸೌಲಭ್ಯವನ್ನು ನಾವು ಇನ್ನೂ ಸರಿಯಾಗಿ ಬಳಸಿಕೊಂಡಿಲ್ಲವೆಂಬುದು ನನ್ನ ದೂರು. ಹಂಚಿಕೊಳ್ಳುವ ಪ್ರತಿ ಸೆಟಪ್‌ನೊಂದಿಗೆ ಗೇಮಿನ ಆವೃತ್ತಿ, ಟ್ರ್ಯಾಕಿನ ಉಷ್ಣಾಂಶ, ಇಂಧನದ ಪ್ರಮಾಣ ಮತ್ತು ಚಾಲಕನ ಬ್ರೇಕ್, ಸ್ಟೀರಿಂಗ್‌ಗಳ ಟೆಲಿಮೆಟ್ರಿ ರೇಖೆ ಇದ್ದರೆ, ಅದನ್ನು ಇನ್ನೊಬ್ಬರು ಪರೀಕ್ಷಿಸಬಹುದು, ಅಲ್ಲಗಳೆಯಲೂಬಹುದು.