ರಟ್ಟರ ಕೂಂಡಿಯೂ ಶಿಲಾಹಾರರ ಕೊಲ್ಲಾಪುರವೂ: ಎರಡು ಸಣ್ಣ ರಾಜ್ಯಗಳೊಳಗಣ ಸರಕಿನ ವ್ಯಾಪಾರ

ಇಂದು ಬೆಳಗಾವಿ ಜಿಲ್ಲೆಗೆ ಸೇರಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನೆಲದ ಬಹುಭಾಗವು ಕ್ರಿಸ್ತಶಕದ ಹನ್ನೆರಡನೆಯ ಶತಮಾನದಲ್ಲಿ ಎರಡು ಸಣ್ಣ ಮಾಂಡಲಿಕ ರಾಜ್ಯಗಳು ಸಂಧಿಸುವ ಗಡಿನಾಡಾಗಿದ್ದಿತು. ಪೂರ್ವ ದಕ್ಷಿಣಗಳಲ್ಲಿ ಕೂಂಡಿ ಮೂರುಸಾಸಿರವನ್ನು ಆಳುತ್ತಿದ್ದ ರಟ್ಟರು. ಅವರ ರಾಜಧಾನಿಯು ಮೊದಲು ಸುಗಂಧವರ್ತಿ, ಅಂದರೆ ಸವದತ್ತಿ, ಅನಂತರ ವೇಣುಗ್ರಾಮ, ಅಂದರೆ ಬೆಳಗಾವಿ. ಪಶ್ಚಿಮೋತ್ತರಗಳಲ್ಲಿ ಮಿರಿಂಜೆ ಕೊಲ್ಲಾಪುರಗಳ ಶಿಲಾಹಾರರು. ಒಬ್ಬರು ಲತ್ತಲೂರ ಪುರವರಾಧೀಶ್ವರರೆಂದೂ ಮತ್ತೊಬ್ಬರು ತಗರ ಪುರವರಾಧೀಶ್ವರರೆಂದೂ ಬಿರುದಾಂಕಿತರು. ಉಭಯರೂ ಕಲ್ಯಾಣದ ಚಾಲುಕ್ಯರಿಗೆ ಮಹಾಮಂಡಳೇಶ್ವರರು. ಡಾಕ್ಟರ್ ಫ್ಲೀಟ್ ಸಾಹೇಬರು ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಬರೆದಂದಿನಿಂದ ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಈ ಎರಡು ವಂಶಗಳಿಗೆ ಎರಡು ಪ್ರತ್ಯೇಕ ಅಧ್ಯಾಯಗಳು ಮೀಸಲಾಗಿವೆ. ವಂಶಾವಳಿಯನ್ನು ನಿರ್ಣಯಿಸುವುದಕ್ಕೆ ಆ ಕ್ರಮವು ಯುಕ್ತವೇ ಸರಿ. ಆದರೆ ಅದರಿಂದ ಓದುಗರ ಮನಸ್ಸಿನಲ್ಲಿ ಅಧ್ಯಾಯದ ಮೇರೆಯೇ ನಾಡಿನ ಮೇರೆಯಾಗಿ ನಿಂತುಬಿಟ್ಟಿದೆ; ಎರಡು ರಾಜ್ಯಗಳ ನಡುವೆ ಒಂದು ಗೋಡೆಯಿದ್ದಿತೆಂಬ ಭ್ರಾಂತಿಯುಂಟಾಗಿದೆ. ಎರಡೂ ಕಡೆಯ ಶಾಸನಗಳನ್ನು ಒಟ್ಟಿಗೆ ಇರಿಸಿಕೊಂಡು ಓದಿದರೆ ಆ ಗೋಡೆಯು ಕಾಣುವುದಿಲ್ಲ. ಕಾಣುವುದು ಹೇರೆತ್ತುಗಳ ಸಾಲು.

ಎರಡು ಸಣ್ಣ ರಾಜ್ಯಗಳು ನೆರೆಹೊರೆಯಲ್ಲಿದ್ದು ಒಂದೇ ಬೆಳೆಯನ್ನು ಬೆಳೆಯುವುದಾದರೆ ಅವುಗಳೊಳಗೆ ವ್ಯಾಪಾರವು ಹೆಚ್ಚದು. ಸಮುದ್ರಮಧ್ಯದ ಸಣ್ಣ ದ್ವೀಪರಾಜ್ಯಗಳ ಪಾಡು ಇಂದಿಗೂ ಅಂತಹುದೇ. ಕೆರಿಬಿಯನ್ ಸಮುದ್ರದ ದ್ವೀಪಗಳು 1973ರಲ್ಲಿ ಚಗುವಾರಾಮಸ್ ಎಂಬಲ್ಲಿ ಒಡಂಬಡಿಕೆ ಮಾಡಿಕೊಂಡು ಸಾಮಾನ್ಯ ಮಾರುಕಟ್ಟೆಯನ್ನು ಕಟ್ಟಲು ತೊಡಗಿದ್ದೂ ಈ ಕೊರತೆಯನ್ನು ನೀಗಿಕೊಳ್ಳುವುದಕ್ಕಾಗಿಯೇ. ಕೂಂಡಿ ಕೊಲ್ಲಾಪುರಗಳ ಸಂಗತಿ ಬೇರೆ. ಸಹ್ಯಾದ್ರಿಯ ಮಗ್ಗುಲಲ್ಲಿ ಹುಟ್ಟಿದ ವೇದಗಂಗಾ ದೂಧಗಂಗಾ ನದಿಗಳು ಪೂರ್ವಕ್ಕೆ ಹರಿದು ಕೃಷ್ಣೆಯನ್ನು ಕೂಡುವಷ್ಟರೊಳಗೆ ಮಳೆಯೂ ಮಣ್ಣೂ ಬದಲಾಗಿಬಿಡುತ್ತವೆ. ಪಡುವಲಲ್ಲಿ ಬತ್ತ, ಮೂಡಲಲ್ಲಿ, ಅಥಣಿಯ ಕಡೆಯ ಎರೆಭೂಮಿಯಲ್ಲಿ, ಜೋಳ, ಹತ್ತಿ, ಎಣ್ಣೆಕಾಳು. ಇದಕ್ಕಿಂತಲೂ ಮುಖ್ಯವಾದ ಭೇದವೊಂದುಂಟು. ರಟ್ಟರಿಗೆ ಸಮುದ್ರವಿರಲಿಲ್ಲ. ಶಿಲಾಹಾರ ಗಂಡರಾದಿತ್ಯನಾದರೋ ಕ್ರಿ. ಶ. 1110ರ ತಾಮ್ರಶಾಸನದಲ್ಲಿ ಮಿರಿಂಜೆಯ ದೇಶದೊಡನೆ ಕೊಂಕಣವನ್ನೂ ಆಳುತ್ತಿದ್ದವನೆಂದು ಹೇಳಿಕೊಂಡಿದ್ದಾನೆ. ತೆಂಗು, ಅಡಕೆ, ಉಪ್ಪು, ಮೆಣಸು ಮೊದಲಾದ ಕರಾವಳಿಯ ಸರಕು ಘಟ್ಟವನ್ನೇರಿ ಕೂಂಡಿಯ ಉತ್ತರ ಭಾಗಕ್ಕೆ ಬರಬೇಕಾದರೆ ಶಿಲಾಹಾರರ ನೆಲದ ಮೇಲಿನ ದಾರಿಯೇ ಹತ್ತಿರದ್ದು. ಕೊಡುವುದಕ್ಕೂ ಕೊಳ್ಳುವುದಕ್ಕೂ ಈ ಇಬ್ಬರಿಗೆ ಕಾರಣವಿದ್ದಿತು.

ಈಗ ಶಾಸನಗಳನ್ನು ನೋಡುವ. ಮೊದಲನೆಯದು ತೇರದಾಳದ್ದು, ಶಕವರ್ಷ 1045, ಅಂದರೆ ಕ್ರಿ. ಶ. 1123. ವಿದ್ವಾಂಸರಾದ ಕೆ. ಬಿ. ಪಾಠಕರು ಇದನ್ನು ಪ್ರಕಟಿಸಿ ನೂರನಲವತ್ತು ವರ್ಷಗಳಾದುವು. ತೇರದಾಳವು ರಟ್ಟರ ಕೂಂಡಿಗೆ ಸೇರಿದ ಊರು. ಅಲ್ಲಿ ಗೊಂಕನೆಂಬ ಮಾಂಡಲಿಕನು ನೇಮಿನಾಥನ ಬಸದಿಯನ್ನು ಕಟ್ಟಿಸಿದನು. ರಟ್ಟ ಕಾರ್ತವೀರ್ಯನ ಕಾಲವದು. ಆದರೆ ಈ ಶಾಸನದಲ್ಲಿ ಸಂಬಂಧಪಟ್ಟ ಆಚಾರ್ಯನು ಕೂಂಡಿಯವನಲ್ಲ. ಕೊಲ್ಲಾಪುರದ ರೂಪನಾರಾಯಣ ಬಸದಿಯ ಮಾಘನಂದಿ ಸೈದ್ಧಾಂತಿಕನು. ರೂಪನಾರಾಯಣನೆಂಬುದು ಶಿಲಾಹಾರ ಗಂಡರಾದಿತ್ಯನ ಬಿರುದು. ಪರರಾಜ್ಯದ ಅರಸನ ಬಿರುದನ್ನು ಹೊತ್ತ ಬಸದಿಯ ಗುರುವಿಗೆ ಕೂಂಡಿಯ ಊರಿನಲ್ಲಿ ಈ ಮನ್ನಣೆ. ಇದು ವ್ಯಾಪಾರದ ಸಂಗತಿಯಲ್ಲವೆಂದು ಆಕ್ಷೇಪಿಸಬಹುದು. ಒಪ್ಪಿದೆನು, ದಾರಿಯ ಸಂಗತಿಯೆಂದಾದರೂ ಅವರು ಒಪ್ಪಬೇಕು.

ಎರಡನೆಯದು ಕೊಲ್ಲಾಪುರದ್ದು, ಶಕವರ್ಷ 1058ರದು. ಬಾರ್ನೆಟ್ ಪಂಡಿತರು ಇದನ್ನು ಮಿರಜೆಯ ಶಾಸನವೊಂದರ ಜತೆಯಲ್ಲಿ ಎಪಿಗ್ರಾಫಿಯಾ ಇಂಡಿಕಾದ ಹತ್ತೊಂಬತ್ತನೆಯ ಸಂಪುಟದಲ್ಲಿ ಪ್ರಕಟಿಸಿದ್ದಾರೆ. ಭಾಷೆ ಕನ್ನಡ. ಗಂಡರಾದಿತ್ಯನ ಸಾಮಂತನಾದ ನಿಂಬದೇವನು ಕವಡೆಗೊಲ್ಲವೆಂಬ ಸಂತೆಪೇಟೆಯಲ್ಲಿ ಪಾರ್ಶ್ವನಾಥನ ಬಸದಿಯನ್ನು ಕಟ್ಟಿಸಲು, ಅಯ್ಯಾವೊಳೆಯ ಐನೂರ್ವರೆಂದು ಪ್ರಸಿದ್ಧರಾದ ವೀರಬಣಂಜಿಗರು ನೆರೆದು ತಮ್ಮ ಸರಕುಗಳ ಮೇಲೆ ಆಯವನ್ನು ಬಿಟ್ಟುಕೊಟ್ಟರು. ಈ ಶಾಸನವನ್ನು ಜೈನಧರ್ಮದ ಇತಿಹಾಸಕ್ಕೆ ಸಾಮಗ್ರಿಯೆಂದು ಅನೇಕರು ಬಳಸಿದ್ದಾರೆ. ನಾನು ಓದುಗರ ಗಮನವನ್ನು ಸೆಳೆಯಬಯಸುವುದು ನೆರೆದವರ ಪಟ್ಟಿಯ ಕಡೆಗೆ. ಕೊಲ್ಲಾಪುರದವರು, ಮಿರಿಂಜೆಯವರು ಇರುವುದು ಸಹಜ. ಅವರೊಡನೆ ಕೂಂಡಿಯವರೂ ತೊರಗಲೆಯವರೂ ಇದ್ದಾರೆ! ಕೂಂಡಿಯೆಂದರೆ ರಟ್ಟರ ನಾಡು. ತೊರಗಲೆಯು ಅದಕ್ಕೂ ಆಚೆ, ಮಲಪ್ರಭೆಯ ಕಡೆಯದು. ಶಿಲಾಹಾರರ ರಾಜಧಾನಿಯ ಪೇಟೆಯಲ್ಲಿ ಎಷ್ಟು ಆಯವನ್ನು ತೆಗೆದಿಡಬೇಕೆಂದು ನಿಶ್ಚಯಿಸುವ ಸಭೆಯಲ್ಲಿ ರಟ್ಟರ ಪ್ರಜೆಗಳು ಕುಳಿತಿದ್ದರು. ಯಾರ ಸರಕು ಆ ಪೇಟೆಗೆ ಬರುವುದಿಲ್ಲವೋ ಅವರನ್ನು ಅಲ್ಲಿಗೆ ಕರೆಯುವುದೇಕೆ? ಅವರು ಒಪ್ಪಿದರೆ ಫಲವೇನು, ಒಪ್ಪದಿದ್ದರೆ ನಷ್ಟವೇನು? ಕೂಂಡಿಯ ಹೇರು ಕವಡೆಗೊಲ್ಲದಲ್ಲಿ ಇಳಿಯುತ್ತಿದ್ದುದರಿಂದಲೇ ಕೂಂಡಿಯವರ ಒಪ್ಪಿಗೆ ಬೇಕಾಯಿತು. ಈ ಅರ್ಥಾಪತ್ತಿಗೆ ಬೇರೆ ಪರಿಹಾರವು ನನಗೆ ತೋರುವುದಿಲ್ಲ.

ಇಂತಹ ಆಯಗಳ ಕ್ರಮವನ್ನು ಒಂದಿಷ್ಟು ವಿವರಿಸುವುದು ಅವಶ್ಯ. ಸಾಹಿತ್ಯವನ್ನು ಕಲಿಸುವ ಉಪಾಧ್ಯಾಯರು ಶಾಸನದ ಪದ್ಯಭಾಗವನ್ನು ಓದಿಸಿ ಈ ಭಾಗವನ್ನು ಬಿಟ್ಟುಬಿಡುವುದು ವಾಡಿಕೆ. ಆಯವು ನಾಣ್ಯದಲ್ಲಿಯೂ ಇರಬಹುದು, ಸರಕಿನಲ್ಲಿಯೂ ಇರಬಹುದು. ನಾಣ್ಯದಲ್ಲಾದರೆ ಗದ್ಯಾಣ, ಪಣ, ಹಾಗ, ವೀಸ. ಹಾಗವೆಂದರೆ ಪಣದ ಕಾಲುಭಾಗ. ವೀಸವೆಂದರೆ ಹದಿನಾರರಲ್ಲಿ ಒಂದು. ಸರಕಿನಲ್ಲಾದರೆ ಹೇರಿಗೆ ಇಷ್ಟು ಎಲೆ, ಇಷ್ಟು ಅಡಕೆ. ಧಾನ್ಯಕ್ಕೆ ಮಾನ, ಎಣ್ಣೆಗೆ ಸೊಲ್ಲಗೆ. ಹೇರೆಂದರೆ ಎತ್ತು ಹೊರುವಷ್ಟು ಭಾರ. ತಲೆಹೊರೆಗೆ ಒಂದು ದರ, ಹೇರಿಗೆ ಒಂದು, ಬಂಡಿಗೆ ಮತ್ತೊಂದು. ಅಳತೆಯ ಹೆಸರುಗಳು ಎರಡೂ ರಾಜ್ಯದ ಶಾಸನಗಳಲ್ಲಿ ಒಂದೇ ತೆರನಾದುವು. ಮಾರುವವನೂ ಕೊಳ್ಳುವವನೂ ಗಡಿಯನ್ನು ದಾಟಿದೊಡನೆ ಹೊಸ ಲೆಕ್ಕವನ್ನು ಕಲಿಯಬೇಕಾಗಿರಲಿಲ್ಲ. ನಾನು ಬಾಲ್ಯದಲ್ಲಿ ಚಿಕ್ಕೋಡಿಯ ಕಡೆಯ ಸಂತೆಗಳಲ್ಲಿ ಎಲೆಯನ್ನು ನೂರರ ಲೆಕ್ಕದಲ್ಲಿ ಎಣಿಸಿ ಕೊಡುವುದನ್ನು ನೋಡಿದ್ದೇನೆ. ಪಾಠಶಾಲೆಯಲ್ಲಿ ಅಮರವನ್ನು ಬಾಯಿಪಾಠ ಮಾಡುತ್ತಿದ್ದ ನಮಗೆ ಆ ಎಣಿಕೆಯ ವೇಗವು ಗಣಪಾಠಕ್ಕಿಂತಲೂ ಆಶ್ಚರ್ಯಕರವಾಗಿ ತೋರುತ್ತಿದ್ದಿತು.

ಐನೂರ್ವರ ದಾನಬುದ್ಧಿಯನ್ನು ಹೊಗಳುವವರು ಒಂದು ಮಾತನ್ನು ಮರೆಯಬಾರದು. ಸೆಟ್ಟಿಯು ಬಿಟ್ಟುಕೊಟ್ಟ ಮಾನ ಸೊಲ್ಲಗೆಗಳು ಸೆಟ್ಟಿಯ ಮನೆಯಿಂದಲೇ ಬರುವುವೆಂದು ಹೇಳಲಾಗದು. ಅದು ಬೆಲೆಯಲ್ಲಿ ಸೇರಿ ಕೊಳ್ಳುವವನ ತಲೆಯ ಮೇಲೆ ಬೀಳುವುದುಂಟು. ತಲೆಹೊರೆಯಲ್ಲಿ ಸೊಪ್ಪನ್ನು ತಂದವಳಿಗಂತೂ ಸಭೆಯಲ್ಲಿ ಆಸನವಿರಲಿಲ್ಲ. ಶಾಸನದ ಪ್ರಶಸ್ತಿಯು ಇದನ್ನು ಹೇಳದು. ಹೇಳುವುದು ಪ್ರಶಸ್ತಿಯ ಕೆಲಸವೂ ಅಲ್ಲ.

ಇನ್ನು, ಬೇರೆ ಬೇರೆ ಅರಸರ ಪ್ರಜೆಗಳು ಕೂಡಿ ಮಾಡಿದ ಕಟ್ಟಳೆಯು ಎರಡೂ ರಾಜ್ಯಗಳಲ್ಲಿ ನಡೆಯುವುದಕ್ಕೆ ಪ್ರಮಾಣವೇನೆಂಬ ಪ್ರಶ್ನೆ. ಶಾಸನಜ್ಞರು ಈ ಪ್ರಶ್ನೆಯನ್ನು ಹೆಚ್ಚಾಗಿ ಎತ್ತಿಲ್ಲ. ಧರ್ಮಶಾಸ್ತ್ರವನ್ನು ಓದಿದವನಿಗೆ ಉತ್ತರವು ಸಮೀಪದಲ್ಲಿಯೇ ಇದೆ. ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಂವಿದ್ವ್ಯತಿಕ್ರಮವೆಂಬ ಪ್ರಕರಣವಿದೆ. ಶ್ರೇಣಿಗಳೇ ಮೊದಲಾದ ಸಮೂಹಗಳು ತಮ್ಮೊಳಗೆ ಮಾಡಿಕೊಂಡ ಸಮಯವನ್ನು, ಅಂದರೆ ಕಟ್ಟುಪಾಡನ್ನು, ಅರಸನು ಕಾಪಾಡತಕ್ಕದ್ದೆಂದು ಅದರ ತಾತ್ಪರ್ಯ. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ. ರಟ್ಟರಿಗೂ ಶಿಲಾಹಾರರಿಗೂ ಒಡೆಯನಾದ ಚಕ್ರವರ್ತಿಯವನು. ಒಂದು ಎಚ್ಚರಿಕೆಯನ್ನು ಮಾತ್ರ ಹೇಳಬೇಕು. ಆ ಪ್ರಕರಣದಲ್ಲಿ ಬರುವ ನೈಗಮಶಬ್ದವನ್ನು ಹಿಡಿದು, ಇವರೇ ನಮ್ಮ ಬಣಂಜಿಗರೆಂದು ಕೆಲವರು ಸಂತೋಷಪಡುವುದುಂಟು. ಅಮರಸಿಂಹನು ನೈಗಮನನ್ನು ವಣಿಕ್ಕಿನ ಪರ್ಯಾಯಗಳಲ್ಲಿ ಸೇರಿಸಿರುವುದೂ ನಿಜ. ಆದರೆ ವಿಜ್ಞಾನೇಶ್ವರನು ಇಲ್ಲಿ ನೈಗಮರೆಂದರೆ ವೇದದ ಪ್ರಾಮಾಣ್ಯವನ್ನು ಒಂದು ವಿಧವಾಗಿ ಒಪ್ಪುವ ಪಾಶುಪತಾದಿಗಳೆಂದು ಅರ್ಥ ಹೇಳುತ್ತಾನೆ. ನಮಗೆ ಬೇಕಾದುದು ಶ್ರೇಣಿಶಬ್ದ. ಒಂದೇ ಪಣ್ಯದಿಂದಲೋ ಶಿಲ್ಪದಿಂದಲೋ ಜೀವಿಸುವವರು ಶ್ರೇಣಿಗಳೆಂದು ಆತನ ವಿವರಣೆ. ತೆಲ್ಲಿಗರೂ ದೋಸಿಗರೂ ಅಕ್ಕಸಾಲಿಗರೂ ಇದರೊಳಗೆ ಸುಲಭವಾಗಿ ಬರುತ್ತಾರೆ. ಅದೇ ಸ್ಮೃತಿಯು ಬೇರೆಡೆಯಲ್ಲಿ ಬೆಲೆಯನ್ನು ಗೊತ್ತುಮಾಡಿದ ಅರಸನಿಗೆ ಇಪ್ಪತ್ತರಲ್ಲೊಂದು ಭಾಗದ ಶುಲ್ಕವನ್ನು ವಿಧಿಸಿದೆ. ಅರಸನ ಸುಂಕವು ಬೇರೆ, ಸಮೂಹದ ಆಯವು ಬೇರೆ. ಗಡಿಯಲ್ಲಿ ಒಡೆತನ ಬದಲಾಗುವುದು ಮೊದಲನೆಯದಕ್ಕೆ. ಎರಡನೆಯದು ಐನೂರ್ವರು ಇರುವೆಡೆಯಲ್ಲೆಲ್ಲ ಅವರೊಡನೆ ನಡೆಯುತ್ತಿದ್ದಿತು. ವೀರಬಣಂಜುಧರ್ಮವೆಂದು ಶಾಸನಗಳು ಕರೆಯುವುದು ಈ ನಡೆಯನ್ನೇ ಎಂದು ನನ್ನ ಮತ.

ಮೂರನೆಯ ಶಾಸನವು ಚಿಕ್ಕೋಡಿ ತಾಲ್ಲೂಕಿನ ಎಕ್ಸಂಬೆಯದು. ಪ್ರಾಚೀನ ನಾಮ ಎಕ್ಕಸಂಬುಗೆ. ಕ್ರಿ. ಶ. 1165ರ ಈ ಶಾಸನವು ನನ್ನ ವಿಷಯಕ್ಕೆ ಕಣ್ಣಿನಂತಿರುವುದು. ಶಿಲಾಹಾರ ವಿಜಯಾದಿತ್ಯನ ಸೇನಾಪತಿಯಾದ ಕಾಳಣನು ಇಲ್ಲಿ ನೇಮಿನಾಥನ ಬಸದಿಯನ್ನು ಕಟ್ಟಿಸಿದ್ದನು. ಅದು ಯಾಪನೀಯ ಸಂಘದ ವಿಜಯಕೀರ್ತಿಯ ವಶದಲ್ಲಿದ್ದಿತು. ಅದರ ಕೀರ್ತಿಯನ್ನು ಕೇಳಿ ರಟ್ಟರ ಮೂರನೆಯ ಕಾರ್ತವೀರ್ಯನು ತಾನೇ ಬಂದು, ದರ್ಶನ ಮಾಡಿ, ದತ್ತಿಯನ್ನು ಬಿಟ್ಟನು. ಕಾಲವನ್ನು ನೆನೆಯಬೇಕು. ಕಲ್ಯಾಣದಲ್ಲಿ ಚಾಲುಕ್ಯರ ಸಿಂಹಾಸನವನ್ನು ಕಳಚುರಿ ಬಿಜ್ಜಳನು ಆಕ್ರಮಿಸಿದ್ದನು. ಮೇಲಿನ ಒಡೆತನವೇ ಅಲುಗಾಡುತ್ತಿದ್ದಾಗ ಮಾಂಡಲಿಕರು ಒಬ್ಬರನ್ನೊಬ್ಬರು ಶಂಕಿಸುವುದು ರಾಜನೀತಿಗೆ ಸಹಜ. ಅಂತಹ ದಿನಗಳಲ್ಲಿ ಒಂದು ರಾಜ್ಯದ ಅರಸನು ನೆರೆಯ ರಾಜ್ಯದ ಸೇನಾಪತಿಯು ಕಟ್ಟಿಸಿದ ಬಸದಿಗೆ ಬಂದು ಹೋಗುತ್ತಾನೆ. ದೂಧಗಂಗೆಯ ಬಯಲಿನ ಈ ದಾರಿಯಲ್ಲಿ ಅರಸನಿಗಿಂತ ಮೊದಲೇ, ಅರಸನಿಗಿಂತ ಹೆಚ್ಚಾಗಿ, ಬಣಂಜಿಗರು ನಡೆಯುತ್ತಿದ್ದರೆಂದು ಅನುಮಾನಿಸುವುದರಲ್ಲಿ ದೋಷವಿಲ್ಲ. ಬಸದಿಯ ಕೀರ್ತಿಯು ಕಾರ್ತವೀರ್ಯನ ಕಿವಿಗೆ ತಾನಾಗಿ ಹಾರಿ ಹೋಗಲಿಲ್ಲವಷ್ಟೆ!

ಎಕ್ಸಂಬೆಯಿಂದ ಅನತಿದೂರದ ಸದಲಗೆಯಲ್ಲಿ 1906ರಲ್ಲಿ ಜನಿಸಿದ ಡಾಕ್ಟರ್ ಆ. ನೇ. ಉಪಾಧ್ಯೆಯವರು ಯಾಪನೀಯ ಸಂಘದ ವಿಷಯವಾಗಿ ಬಹಳ ಪರಿಶ್ರಮ ಮಾಡಿದವರು. ಈ ಸಂಘದ ಆಚಾರ್ಯರನ್ನು ಹೆಸರಿಸುವ ಅತ್ಯಂತ ಈಚಿನ ಶಾಸನಗಳಲ್ಲೊಂದು, ಶಕವರ್ಷ 1316ರದು, ಕಾಗವಾಡದಲ್ಲಿದೆ. ಉಪಾಧ್ಯೆಯವರು ಅಧ್ಯಾಪಕರಾಗಿದ್ದ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿಯೇ ಪ್ರೊಫೆಸರ್ ಕುಂದಣಗಾರರೂ ಇದ್ದು, ಉತ್ತರ ಕರ್ಣಾಟಕ ಮತ್ತು ಕೊಲ್ಲಾಪುರ ಸಂಸ್ಥಾನದ ಶಾಸನಗಳನ್ನು ಒಂದೇ ಗ್ರಂಥದಲ್ಲಿ ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. ಎರಡು ನಾಡುಗಳನ್ನು ಒಂದೇ ಪುಸ್ತಕದಲ್ಲಿ ಹೊಲಿದ ಆ ಕ್ರಮವನ್ನು ಅನಂತರದವರು ಮುಂದುವರಿಸಿದ್ದರೆ ಈ ಲೇಖನದ ಅವಶ್ಯಕತೆಯೇ ಇರುತ್ತಿರಲಿಲ್ಲ.

ರಟ್ಟರ ಕಡೆಯ ಪೇಟೆಯ ವೈಭವಕ್ಕೆ ಬೆಳಗಾವಿಯ ಎರಡು ಶಿಲಾಶಾಸನಗಳು ಸಾಕ್ಷಿ. ನಾಲ್ಕನೆಯ ಕಾರ್ತವೀರ್ಯನ ಕಾಲದವು, ಕ್ರಿ. ಶ. 1204ರವು, ಕಲ್ಲುಗಳು ಈಗ ಲಂಡನ್ ನಗರದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಅಲ್ಲಿ ಕೂಂಡಿಯ ವ್ಯಾಪಾರಿಗಳೊಡನೆ ಲಾಳದೇಶದವರೂ ಮಲೆಯಾಳದವರೂ ಸೇರಿ ರಟ್ಟಜಿನಾಲಯಕ್ಕೆ ಆಯವನ್ನು ಬಿಡುತ್ತಾರೆ. ಮಾರಾಟಕ್ಕೆ ಬಂದ ಕುದುರೆಯಿಂದ ವೀಳ್ಯದೆಲೆಯವರೆಗೆ ಆಯವುಂಟು. ಗುಜರಾತಿನವರೂ ಕೇರಳದವರೂ ಬರುತ್ತಿದ್ದ ಪೇಟೆಗೆ ನೆರೆಯ ಕೊಲ್ಲಾಪುರವು ದೂರವಾಗಿದ್ದಿತೆಂದು ಯಾರೂ ಹೇಳಲಾರರು. ರಾಯಬಾಗದಲ್ಲಿಯೂ ಇದೇ ಕಾರ್ತವೀರ್ಯನ ಕಾಲದ 1201ರ ಶಾಸನವಿದೆ. ಶಾಸನಗಳಲ್ಲಿ ಈ ಊರಿಗೆ ಹೂವಿನ ಬಾಗೆಯೆಂಬ ಸೊಗಸಾದ ಹೆಸರು.

ಇದಾದ ಕೆಲವೇ ದಶಕಗಳೊಳಗೆ ದೇವಗಿರಿಯ ಯಾದವ ಸಿಂಘಣನು ಪನ್ನಾಳೆಯ ಭೋಜನನ್ನು ಗೆದ್ದು ಶಿಲಾಹಾರರ ರಾಜ್ಯವನ್ನು ಮುಗಿಸಿದನು. ಅವನ ದಂಡನಾಯಕ ವೀಚಣನು ರಟ್ಟರನ್ನು ಅಡಗಿಸಿದನು. ಎರಡು ರಾಜ್ಯಗಳೂ ಹೋದುವು, ಅವುಗಳ ನಡುವಣ ಗಡಿಯೂ ಹೋಯಿತು. ಗಡಿಗಳೇನೋ ಮತ್ತೆ ಮತ್ತೆ ಬಂದುವು. ಆಂಗ್ಲರ ಕಾಲದಲ್ಲಿ ಚಿಕ್ಕೋಡಿ ಅಥಣಿಗಳು ಬೆಳಗಾವಿ ಜಿಲ್ಲೆಯಲ್ಲಿಯೂ ರಾಯಬಾಗವು ಕೊಲ್ಲಾಪುರ ಸಂಸ್ಥಾನದಲ್ಲಿಯೂ ಇದ್ದುವು. 1949ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ಇದು ಹಾಗೆಯೇ ನಡೆಯಿತು. 1956ರಿಂದ ಗೆರೆಯು ಮತ್ತೊಂದು ಕಡೆಯಲ್ಲಿದೆ. ನಿಪ್ಪಾಣಿಯ ತಂಬಾಕು ಈ ಗೆರೆಗಳೊಳಗೆ ಬೆಳೆದ ವ್ಯಾಪಾರ; ಅದು ಬೇರೆಯೇ ಲೇಖನಕ್ಕೆ ವಿಷಯ. ಅಥಣಿಯ ಚರ್ಮಕಾರರು ಹೊಲಿಯುವ ಪಾದರಕ್ಷೆಗಳ ಮಾತನ್ನು ಮಾತ್ರ ಇಲ್ಲಿ ಹೇಳಬಹುದು. ಅವು ಅಥಣಿಯಲ್ಲಿಯೂ ನಿಪ್ಪಾಣಿಯಲ್ಲಿಯೂ ಸಿದ್ಧವಾಗಿ ಕೊಲ್ಲಾಪುರಿ ಚಪ್ಪಲಿಯೆಂಬ ಹೆಸರಿನಿಂದ ಲೋಕದಲ್ಲೆಲ್ಲ ಮಾರಾಟವಾಗುತ್ತವೆ. 2019ರಲ್ಲಿ ಈ ಹೆಸರಿಗೆ ಭೌಗೋಳಿಕ ಸೂಚಕದ ಮನ್ನಣೆಯು ದೊರೆತಾಗ ಅದು ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೋಲಾಪುರಗಳಿಗೂ ಕರ್ಣಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಒಟ್ಟಾಗಿ ದೊರೆಯಿತು. ಎರಡು ರಾಜ್ಯಗಳ ಚರ್ಮೋದ್ಯೋಗ ನಿಗಮಗಳು ಜತೆಯಾಗಿ ಕೇಳಿ ಪಡೆದದ್ದು ಅದು.