ಪರೀಕ್ಷೆಯಾಗದ ಪ್ಯಾಕೇಜು, ಮುರಿದ ಒತ್ತಕ್ಷರ

ನಮ್ಮ ಕಡೆಯ ಊರುಗಳಲ್ಲಿ ಕುಮಟಾ ಎಂಬ ಹೆಸರಿಗೆ ಒತ್ತಕ್ಷರವಿಲ್ಲ. ಅಘನಾಶಿನಿಗೂ ಇಲ್ಲ. ಭಟ್ಕಳಕ್ಕೆ ಇದೆ, ಹೊನ್ನಾವರಕ್ಕೆ ಇದೆ, ಗೋಕರ್ಣಕ್ಕಂತೂ ಅರ್ಕಾವೊತ್ತೇ ಇದೆ. ಇಪ್ಪತ್ತು ವರ್ಷಗಳ ಹಿಂದೆ ಲಿನಕ್ಸ್ ಹಾಕಿದ ಕಂಪ್ಯೂಟರಿನಲ್ಲಿ ಈ ಹೆಸರುಗಳನ್ನು ಯುನಿಕೋಡಿನಲ್ಲಿ ಬರೆದರೆ ಭಟ್‌ಕಳ, ಹೊನ್‌ನಾವರ, ಗೋಕರ್‌ಣ ಎಂದು ಒಡೆದು ಕಾಣುವುದು ಮಾಮೂಲಾಗಿತ್ತು. ಕೆಲವು ಕಂಪ್ಯೂಟರುಗಳಲ್ಲಿ ಅದೂ ಇಲ್ಲ, ಬರೀ ಚೌಕ ಚೌಕ ಡಬ್ಬಿ.

ತಪ್ಪು ಅಕ್ಷರದ್ದಲ್ಲ. ಕನ್ನಡ 1991ರಿಂದಲೇ ಯುನಿಕೋಡಿನಲ್ಲಿದೆ. ಆದರೆ ಯುನಿಕೋಡ್ ಕೊಡುವುದು ಅಕ್ಷರಕ್ಕೊಂದು ನಂಬರು ಮಾತ್ರ. ಟ, ಹಲಂತ, ಕ ಎಂಬ ಮೂರು ನಂಬರುಗಳನ್ನು ಸೇರಿಸಿ ಟಕಾರದ ಕೆಳಗೆ ಕಕಾರವನ್ನು ಕೂರಿಸುವ ಕೆಲಸ ಬೇರೆಯೇ ಇದೆ. ಅದಕ್ಕೆ ಎರಡು ಬೇಕು: ಒತ್ತಿನ ಆಕಾರಗಳಿರುವ ಫಾಂಟು, ಮತ್ತು ಯಾವುದರ ಕೆಳಗೆ ಯಾವುದು ಕೂರಬೇಕು ಎಂದು ಲೆಕ್ಕ ಹಾಕುವ ತಂತ್ರಾಂಶ. ಗೋಕರ್ಣದಲ್ಲಿ ಮೊದಲು ಉಚ್ಚರಿಸುವ ರಕಾರ ಬರೆಯುವಾಗ ಣಕಾರದ ಆಚೆ ಹೋಗಿ ನಿಲ್ಲುತ್ತದಲ್ಲ, ಅಂಥ ಕಡೆ ಈ ಲೆಕ್ಕ ತಪ್ಪುತ್ತಿತ್ತು. ಅದನ್ನು ತಿದ್ದುವವರು ಇದ್ದರು. ತಿದ್ದಿದ್ದು ನಮ್ಮ ಕಂಪ್ಯೂಟರಿಗೆ ಬಂದು ಮುಟ್ಟುವ ದಾರಿಯಲ್ಲೇ ತೊಡಕಿತ್ತು. ನಾವು ಇಲ್ಲಿ ಹೇಳಹೊರಟಿರುವುದು ಆ ದಾರಿಯ ಇತಿಹಾಸವನ್ನು. ಮೊಬೈಲಿನಲ್ಲಿ ಇದನ್ನು ಓದುತ್ತಿರುವ ನಿಮಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬಹುದು. ನಿಮ್ಮ ಫೋನು ಆಂಡ್ರಾಯ್ಡ್ ಆಗಿದ್ದರೆ ಅದರ ಒಳಗಿನ ತಿರುಳೂ ಲಿನಕ್ಸೇ. ಫೋನಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇವೆ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತಾನು ಇಂಥದ್ದೊಂದು ಮಾಡುತ್ತಿದ್ದೇನೆ ಎಂದು ಜನರಿಗೆ ತಿಳಿಸಿದ್ದು 1991ರ ಆಗಸ್ಟ್ 25ರಂದು. ಆತ ಬರೆದಿದ್ದು ತಿರುಳು ಮಾತ್ರ. ಅದರ ಸುತ್ತ ಬೇಕಾದ ನೂರಾರು ತಂತ್ರಾಂಶಗಳನ್ನು ಬೇರೆ ಬೇರೆಯವರು ಬರೆಯುತ್ತಿದ್ದರು. ಅವನ್ನೆಲ್ಲ ಒಟ್ಟುಗೂಡಿಸಿ ಒಂದು ಕಟ್ಟಾಗಿ ಕೊಡುವವರು ಹುಟ್ಟಿಕೊಂಡರು. ಮೊದಮೊದಲಿನ ಅಂಥ ಕಟ್ಟುಗಳಲ್ಲಿ ಒಂದಾದ ಎಸ್‌ಎಲ್‌ಎಸ್ ದೋಷಗಳಿಂದ ತುಂಬಿತ್ತು. ಅದರಿಂದ ಬೇಸತ್ತ ಇಯಾನ್ ಮರ್ಡಾಕ್ ಎಂಬ ಅಮೆರಿಕದ ಯುವಕ 1993ರ ಆಗಸ್ಟ್ 16ರಂದು ಡೆಬಿಯನ್ ಶುರುಮಾಡಿದ. ಗೆಳತಿ ಡೆಬ್ರಾಳ ಹೆಸರನ್ನೂ ತನ್ನ ಹೆಸರನ್ನೂ ಸೇರಿಸಿ ಇಟ್ಟ ಹೆಸರು ಅದು. ಒಂದೊಂದು ಪ್ಯಾಕೇಜಿಗೂ ಒಬ್ಬ ಹೊಣೆಗಾರ ಇರಬೇಕು, ನೋಡದೆ ಏನನ್ನೂ ಒಳಗೆ ಬಿಡಬಾರದು ಎಂಬುದು ಅವನ ಹಟ.

ಆದರೂ ಎರಡೇ ವರ್ಷದಲ್ಲಿ ಎಡವಟ್ಟಾಯಿತು. 1995ರ ಡಿಸೆಂಬರಿನಲ್ಲಿ ಇನ್ಫೋಮ್ಯಾಜಿಕ್ ಎಂಬ ಸಿಡಿ ಮಾರುವ ಕಂಪನಿ, ಇನ್ನೂ ತಯಾರಾಗುತ್ತಿದ್ದ ಡೆಬಿಯನ್ ಪ್ರತಿಯನ್ನು ಸಿಡಿಗೆ ಹಾಕಿ '1.0' ಎಂದು ಹೆಸರು ಕೊಟ್ಟು ಮಾರಿಬಿಟ್ಟಿತು. ಅದು ಮುಗಿದ ಕೆಲಸವಾಗಿರಲಿಲ್ಲ. ಕೊನೆಗೆ ಎರಡೂ ಕಡೆಯವರು ಒಟ್ಟಾಗಿ 'ಇದು ಕೆಟ್ಟ ಪ್ರತಿ' ಎಂದು ಪ್ರಕಟಣೆ ಹೊರಡಿಸಬೇಕಾಯಿತು. ಡೆಬಿಯನ್ನಿನವರು 1.0 ಎಂಬ ನಂಬರನ್ನೇ ಕೈಬಿಟ್ಟು 1996ರ ಜೂನಿನಲ್ಲಿ ನೇರವಾಗಿ 1.1 ತಂದರು. ಹಾಗಾಗಿ ಡೆಬಿಯನ್ ಚರಿತ್ರೆಯಲ್ಲಿ 1.0 ಎಂಬುದೇ ಇಲ್ಲ. ಅಲ್ಲಿಂದ ಮುಂದೆ ತಯಾರಾಗುತ್ತಿರುವ ಪ್ರತಿಗೆ ನಂಬರಿನ ಬದಲು ಅಡ್ಡಹೆಸರು ಇಡುವ ಪದ್ಧತಿ ಬಂತು, ಅರ್ಧ ಬೆಂದದ್ದನ್ನು ಯಾರೂ ಪೂರ್ತಿ ಬೆಂದದ್ದೆಂದು ಮಾರದಿರಲಿ ಎಂದು.

ಅಡ್ಡಹೆಸರುಗಳೆಲ್ಲ 'ಟಾಯ್ ಸ್ಟೋರಿ' ಸಿನಿಮಾದ ಪಾತ್ರಗಳದ್ದು, ಹೆಚ್ಚಿನವು ಗೊಂಬೆಗಳದ್ದು. ಆದರೆ ಒಂದು ಹೆಸರು ಗೊಂಬೆಯದ್ದಲ್ಲ. ಸಿಡ್, ಗೊಂಬೆಗಳನ್ನು ಮುರಿದು ಹಾಕುವ ನೆರೆಮನೆಯ ಹುಡುಗ. ಹೊಸ ಪ್ಯಾಕೇಜು ಮೊದಲು ಬಂದು ಬೀಳುವ 'ಅಸ್ಥಿರ' ಉಗ್ರಾಣಕ್ಕೆ ಆ ಹೆಸರು. ಇದಕ್ಕಿಂತ ಒಳ್ಳೆಯ ಎಚ್ಚರಿಕೆ ಫಲಕವನ್ನು ಯಾರೂ ಬರೆಯಲಾರರು ಎಂದು ನಮಗೆ ಅನಿಸುತ್ತದೆ.

2000ದ ಕೊನೆಯಲ್ಲಿ ಸಿಡ್‌ಗೂ ಸ್ಥಿರ ಉಗ್ರಾಣಕ್ಕೂ ನಡುವೆ 'ಟೆಸ್ಟಿಂಗ್' ಎಂಬ ಇನ್ನೊಂದು ಉಗ್ರಾಣ ಬಂತು. ಸಿಡ್‌ನಲ್ಲಿ ಪ್ಯಾಕೇಜು ಕೆಲವು ದಿನ ಕಾಯಬೇಕು. ಮೊದಲು ಸಾಮಾನ್ಯವಾಗಿ 10 ದಿನ ಇತ್ತು, ಈಗ 5 ದಿನ. ಆ ಅವಧಿಯಲ್ಲಿ ಯಾರೂ ಗಂಭೀರ ದೋಷ ವರದಿ ಮಾಡದಿದ್ದರೆ, ಅದು ಅವಲಂಬಿಸಿದ ಬೇರೆ ಪ್ಯಾಕೇಜುಗಳೂ ತಯಾರಿದ್ದರೆ, ಟೆಸ್ಟಿಂಗಿಗೆ ದಾಟುತ್ತದೆ. ಒಂದು ದಿನ ಬಾಗಿಲು ಹಾಕಿ, ಉಳಿದ ದೋಷ ತಿದ್ದಿ, ಇಡೀ ಟೆಸ್ಟಿಂಗನ್ನೇ ಸ್ಥಿರ ಎಂದು ಹೊರಗೆ ಬಿಡುತ್ತಾರೆ. ಗಮನಿಸಿ, ಇಲ್ಲಿ ಪರೀಕ್ಷೆ ಎಂದರೆ ಯಾವುದೋ ಪ್ರಯೋಗಾಲಯ ಅಲ್ಲ. ಸಿಡ್ ಬಳಸುವ ಸಾವಿರಾರು ಜನ ತಮ್ಮ ಕಂಪ್ಯೂಟರು ಕೆಟ್ಟರೆ ಕೆಡಲಿ ಎಂದು ಮುಂದೆ ನಿಂತಿರುತ್ತಾರೆ, ಕೆಟ್ಟಾಗ ಬರೆದು ತಿಳಿಸುತ್ತಾರೆ. ಅಷ್ಟೇ ಪರೀಕ್ಷೆ.

ಇದರಲ್ಲಿ ಕನ್ನಡಕ್ಕೆ ಬಂದ ಕಷ್ಟ ಎಂದರೆ ಸಮಯ. 'ವುಡಿ' ಎಂಬ ಸ್ಥಿರ ಆವೃತ್ತಿ 2002ರ ಜುಲೈನಲ್ಲಿ ಬಂತು. ಅದರ ನಂತರದ 'ಸಾರ್ಜ್' ಬಂದಿದ್ದು 2005ರ ಜೂನಿನಲ್ಲಿ. ಹೆಚ್ಚುಕಡಿಮೆ ಮೂರು ವರ್ಷ. ಸ್ಥಿರಕ್ಕೆ ಒಮ್ಮೆ ಬಾಗಿಲು ಹಾಕಿದರೆ ಆಮೇಲೆ ಭದ್ರತೆಯ ತೇಪೆ, ದೊಡ್ಡ ದೋಷದ ತೇಪೆ ಬಿಟ್ಟು ಹೊಸದೇನೂ ಒಳಗೆ ಹೋಗುವುದಿಲ್ಲ. ಭಾರತದ ಭಾಷೆಗಳಿಗೆ ಲಿನಕ್ಸಿನಲ್ಲಿ ಕೆಲಸ ಚುರುಕಾಗಿದ್ದು ಸರಿಯಾಗಿ ಅದೇ ವರ್ಷಗಳಲ್ಲಿ. ಇಂಗ್ಲಿಷಿನವನಿಗೆ ಮೂರು ವರ್ಷ ಹಳೆಯ ತಂತ್ರಾಂಶ ಎಂದರೆ ಸ್ವಲ್ಪ ಹಳೆಯದು, ಅಷ್ಟೆ. ಕನ್ನಡದವನಿಗೆ ಅದು ಓದಲಾಗದ ತಂತ್ರಾಂಶ. ಹಾಗಾಗಿ ಕನ್ನಡ ನೋಡಬೇಕೆನ್ನುವವರು ಬೇಕಿರಲಿ ಬೇಡವಾಗಿರಲಿ, ಸಿಡ್‌ನ ಕಡೆ ಕೈಚಾಚಬೇಕಾಗುತ್ತಿತ್ತು.

ಆ ಕಾಲದಲ್ಲಿ ಸಂಬಳವಿಲ್ಲದೆ ದುಡಿದ ಕನ್ನಡಿಗರು ಹಲವರು. 'ಸಂಪದ' ಕಟ್ಟಿದ ಹರಿಪ್ರಸಾದ್ ನಾಡಿಗ್ ಲಿನಕ್ಸಿನ ಕನ್ನಡೀಕರಣಕ್ಕೂ ಕೈಹಾಕಿದ್ದರು. ಓಂಶಿವಪ್ರಕಾಶ್ ಅವರು 'ಲಿನಕ್ಸಾಯಣ' ಎಂಬ ಹೆಸರಿನಲ್ಲಿ ಕನ್ನಡದಲ್ಲೇ ಪಾಠದಂತೆ ಬರೆದರು. ಕೇದಗೆ, ಮಲ್ಲಿಗೆ ಎಂಬ ಮುಕ್ತ ಫಾಂಟುಗಳು ಬಂದವು. ಮುಂದೆ ಅರವಿಂದ ವಿ.ಕೆ. ಅವರ ಗುಬ್ಬಿ ಮತ್ತು ಕೈಬರಹದಂತಿರುವ ನವಿಲು ಬಂದವು. ಗುಬ್ಬಿ, ನವಿಲು ಎರಡೂ ಇವತ್ತು ಡೆಬಿಯನ್ನಿನ ಅಧಿಕೃತ ಪ್ಯಾಕೇಜುಗಳು. ಸಿಡ್‌ನ ಬಾಗಿಲಿನಿಂದಲೇ ಒಳಗೆ ಬಂದು, ದಿನ ಕಾದು, ದಾಟಿ ಹೋದವು. ಡೆಬಿಯನ್ ಅನ್ನು ಅಳವಡಿಸುವಾಗ ಮೊದಲ ಪರದೆಯಲ್ಲೇ ಕನ್ನಡ ಆರಿಸಿಕೊಳ್ಳಲೂ ಈಗ ಆಗುತ್ತದೆ, ಆದರೆ ಚಿತ್ರರೂಪದ ಪರದೆಯಲ್ಲಿ ಮಾತ್ರ. ಬರೀ ಅಕ್ಷರಗಳ ಕಪ್ಪು ಪರದೆಗೆ ನಮ್ಮ ಒತ್ತು ಕೂರಿಸಲು ಬರುವುದಿಲ್ಲ.

ಈಗ ಅಪಾಯದ ಮಾತು. ಸ್ಥಿರ ಹಾಕಿಕೊಂಡ ಕಂಪ್ಯೂಟರಿಗೆ ಒಂದೇ ಒಂದು ಫಾಂಟನ್ನು ಸಿಡ್‌ನಿಂದ ತಂದರೆ ಏನೂ ಆಗಲಿಕ್ಕಿಲ್ಲ, ಫಾಂಟು ಬೇರೆಯವರನ್ನು ನೆಚ್ಚಿಕೊಂಡಿಲ್ಲ. ಆದರೆ ಅಕ್ಷರ ಕೂರಿಸುವ ತಂತ್ರಾಂಶ ಹಾಗಲ್ಲ. ಅದಕ್ಕೆ ಹೊಸ ಲಿಬ್‌ಸಿ ಬೇಕೆನ್ನುತ್ತದೆ. ಲಿಬ್‌ಸಿ ಎಂದರೆ ಕಂಪ್ಯೂಟರಿನ ಬಹುತೇಕ ಎಲ್ಲ ತಂತ್ರಾಂಶಗಳೂ ಆತುಕೊಂಡಿರುವ ಗ್ರಂಥಾಲಯ. ಗಜನಿ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗದ್ದೆ ಒಬ್ಬೊಬ್ಬರದ್ದು, ಕಟ್ಟು ಎಲ್ಲರದ್ದು. ಒಬ್ಬ ತನ್ನ ಗದ್ದೆಗೆಂದು ಕಟ್ಟಿನ ಬಾಗಿಲು ತೆಗೆದರೆ ಉಪ್ಪುನೀರು ಅವನ ಗದ್ದೆಗೆ ಮಾತ್ರ ಬರುವುದಿಲ್ಲ. ಕಗ್ಗ ಭತ್ತ ಉಪ್ಪು ತಡೆದೀತು, ಬೇರೆ ಬೆಳೆ ತಡೆಯುವುದಿಲ್ಲ. ಅರ್ಧ ಸ್ಥಿರ ಅರ್ಧ ಸಿಡ್ ಆದ ಇಂಥ ಬೆರಕೆಗೆ ಡೆಬಿಯನ್ನಿನವರೇ ಇಟ್ಟ ಹೆಸರು 'ಫ್ರಾಂಕನ್‌ಡೆಬಿಯನ್', ಹೆಣಗಳ ತುಂಡು ಹೊಲಿದು ಮಾಡಿದ ಆ ಕಥೆಯ ರಾಕ್ಷಸನ ನೆನಪಿನಲ್ಲಿ. ಹಿಂದಕ್ಕೆ ಹೋಗುವ ದಾರಿ ಸುಲಭವಿಲ್ಲ. ಇನ್ನೊಂದು ಮಾತು. ಪ್ಯಾಕೇಜು ಕೂರುವಾಗ ಅದರೊಳಗಿನ ಆಜ್ಞೆಗಳು 'ರೂಟ್' ಅಧಿಕಾರದಲ್ಲಿ ಓಡುತ್ತವೆ. ಆ ಗಳಿಗೆಯಲ್ಲಿ ನಿಮ್ಮ ಕಡತಗಳ ಮೇಲೆ ನಿಮಗಿಂತ ಹೆಚ್ಚಿನ ಅಧಿಕಾರ ಅದಕ್ಕಿರುತ್ತದೆ.

ಈ ಕಷ್ಟಕ್ಕೆ ಒಂದು ಉತ್ತರ ಡೆಬಿಯನ್ನಿನಲ್ಲೇ ಇದೆ. ಟೆಸ್ಟಿಂಗಿಗೆ ದಾಟಿದ ಪ್ಯಾಕೇಜನ್ನು ಸ್ಥಿರದ ಲಿಬ್‌ಸಿಗೇ ಹೊಂದುವಂತೆ ಮತ್ತೆ ಕಟ್ಟಿ ಕೊಡುವ 'ಬ್ಯಾಕ್‌ಪೋರ್ಟ್ಸ್'. ಇನ್ನೊಂದು ಉತ್ತರ ಗಡಿಯಾಚೆ ಕಾಸರಗೋಡಿನಲ್ಲಿದೆ. ಕೇರಳ ಸರಕಾರ ಐಟಿ ಅಟ್ ಸ್ಕೂಲ್ ಯೋಜನೆಯಡಿ ಶಾಲೆಗಳಿಗೆ ಲಿನಕ್ಸ್ ತಂದಿತು, ಅದು ಈಗ ಕೈಟ್ ಎಂಬ ಸಂಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ವಿಷಯದ ಪಠ್ಯಪುಸ್ತಕ ಕನ್ನಡದಲ್ಲೇ ಬರುತ್ತದೆ. ಅಲ್ಲಿ ಮೇಷ್ಟ್ರು ತಮಗೆ ಕಂಡದ್ದನ್ನು ಹುಡುಕಿ ಹಾಕಬೇಕಾಗಿಲ್ಲ. ಪಾಠಕ್ಕೆ ಬೇಕಾದ ತಂತ್ರಾಂಶಗಳನ್ನು ಒಂದೇ ಕಡೆ ಆರಿಸಿ, ಪರೀಕ್ಷಿಸಿ, ಒಂದು ಕಟ್ಟು ಮಾಡಿ ಎಲ್ಲ ಶಾಲೆಗೂ ಕೊಡುತ್ತಾರೆ. ನಮ್ಮ ಜಿಲ್ಲೆಯ ಶಾಲೆಗಳಿಗೂ ಇಂಥದ್ದು ಬಂದಿದ್ದರೆ ಎಂದು ಹೊಟ್ಟೆಕಿಚ್ಚು ಪಡುವುದರಲ್ಲಿ ತಪ್ಪೇನೂ ಇಲ್ಲ.

ಇಷ್ಟರವರೆಗೆ ಹೇಳಿದ್ದು ಅಚಾತುರ್ಯದಿಂದ ಕೆಡುವ ಕಥೆ. ಬೇಕೆಂದೇ ಕೆಡಿಸುವ ಕಥೆ 2024ರದ್ದು.

ಎಕ್ಸ್‌ಝೆಡ್ ಎಂಬುದು ಕಡತಗಳನ್ನು ಒತ್ತಿ ಚಿಕ್ಕದು ಮಾಡುವ ಸಣ್ಣ ತಂತ್ರಾಂಶ. ಹೆಚ್ಚುಕಡಿಮೆ ಎಲ್ಲ ಲಿನಕ್ಸಿನಲ್ಲೂ ಇದೆ. ಅದನ್ನು ನೋಡಿಕೊಳ್ಳುತ್ತಿದ್ದದ್ದು ಒಬ್ಬನೇ, ಬಿಡುವಿನ ವೇಳೆಯಲ್ಲಿ. 'ಜಿಯಾ ಟಾನ್' ಎಂಬ ಹೆಸರಿನಲ್ಲಿ ಯಾರೋ ಎರಡು ವರ್ಷಕ್ಕೂ ಹೆಚ್ಚು ಕಾಲ ಅವನಿಗೆ ನೆರವಾಗಿ, ನಂಬಿಕೆ ಗಳಿಸಿ, ಹೊಸ ಆವೃತ್ತಿ ಬಿಡುಗಡೆ ಮಾಡುವ ಅಧಿಕಾರವನ್ನೇ ಪಡೆದರು. 2024ರ ಫೆಬ್ರುವರಿಯಲ್ಲಿ ಬಂದ 5.6.0 ಮತ್ತು ಮಾರ್ಚಿನಲ್ಲಿ ಬಂದ 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲೊಂದನ್ನು ಅಡಗಿಸಿಟ್ಟರು. ಅದಕ್ಕೆ ಸರಿಹೊಂದುವ ಕೀಲಿ ಇದ್ದವನು ದೂರದಿಂದಲೇ ಸರ್ವರುಗಳ ಒಳಗೆ ನುಗ್ಗಬಹುದಿತ್ತು.

ಸಿಕ್ಕಿಬಿದ್ದದ್ದು ಹೇಗೆ? ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು ಡೆಬಿಯನ್ ಸಿಡ್ ಹಾಕಿದ್ದ ಯಂತ್ರದಲ್ಲಿ ಬೇರೆಯದೇ ಏನನ್ನೋ ಅಳೆಯುತ್ತಿದ್ದ. ದೂರದಿಂದ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆ ಎಂದು ಅನುಮಾನ ಬಂತು. ಬಿಡದೆ ಬೆನ್ನುಹತ್ತಿ, ಮಾರ್ಚ್ 29ರಂದು ಲೋಕಕ್ಕೆ ಹೇಳಿದ. ಆ ಹೊತ್ತಿಗೆ ವಿಷ ಸಿಡ್ ದಾಟಿ ಟೆಸ್ಟಿಂಗಿಗೂ ಬಂದಿತ್ತು. ಹತ್ತು ದಿನವೋ ಐದು ದಿನವೋ ಕಾಯುವ ನಿಯಮ ಅದನ್ನು ತಡೆಯಲಿಲ್ಲ, ಏಕೆಂದರೆ ಯಾರಿಗೂ ದೋಷ ಕಂಡಿರಲಿಲ್ಲ. ಫೆಡೋರಾ, ಓಪನ್‌ಸೂಸೆಗಳ ಹೊಸ ಪ್ರತಿಗಳಿಗೂ ತಲುಪಿತ್ತು. ಡೆಬಿಯನ್ ಸ್ಥಿರಕ್ಕೆ ಮಾತ್ರ ಬಂದಿರಲಿಲ್ಲ. 'ಹಳೆಯದು, ನಿಧಾನ' ಎಂದು ನಾವೆಲ್ಲ ಬೈದುಕೊಳ್ಳುವ ಆ ಸ್ಥಿರವೇ ಬಚಾವಾಯಿತು. ಅದನ್ನು ಉಳಿಸಿದ್ದು ಮಾತ್ರ ಸಿಡ್ ಹಾಕಿಕೊಂಡು ಕೂತಿದ್ದವನ ಕಣ್ಣು. ಎಲ್ಲರೂ ಸ್ಥಿರದಲ್ಲೇ ಕೂತಿದ್ದರೆ ಅದೇ ಆವೃತ್ತಿ ಒಂದು ದಿನ ಸ್ಥಿರವಾಗಿಯೇ ನಮ್ಮ ಮನೆಗೆ ಬರುತ್ತಿತ್ತು.

ಫ್ರಾಯಿಂಡ್‌ನಂಥವರು ಸಿಡ್ ಬಳಸುವುದು ಕೆಟ್ಟರೂ ನಡೆಯುವ ಯಂತ್ರದಲ್ಲಿ. ಸೊಸೈಟಿಯ ಸಾಲದ ಲೆಕ್ಕ, ಪಂಚಾಯತಿಯ ಕಾಗದ, ಮದುವೆ ಫೋಟೋ ಇರುವ ಒಂದೇ ಕಂಪ್ಯೂಟರು ಇರುವ ಕಡೆ ಆ ಧೈರ್ಯ ಬೇಡ. ಅಲ್ಲಿ ಸ್ಥಿರ, ತೀರಾ ಬೇಕಾದರೆ ಬ್ಯಾಕ್‌ಪೋರ್ಟ್ಸ್. ಹೊಸದನ್ನು ನೋಡುವ ಆಸೆಯಿದ್ದರೆ ಮೂಲೆಗೆ ಬಿದ್ದ ಹಳೆಯ ಲ್ಯಾಪ್‌ಟಾಪಿಗೆ ಟೆಸ್ಟಿಂಗ್ ಹಾಕಿ. ಏನನ್ನೇ ಹಾಕುವ ಮೊದಲು 'ಸುಮ್ಮನೆ ಮಾಡಿ ತೋರಿಸು' ಎಂದು ಆಪ್ಟ್‌ಗೆ ಹೇಳಬಹುದು. ಏನೇನು ಬರುತ್ತದೆ, ಏನೇನು ಅಳಿಯುತ್ತದೆ ಎಂದು ಪಟ್ಟಿ ಕೊಡುತ್ತದೆ. ಅಳಿಯುವ ಪಟ್ಟಿ ಉದ್ದವಿದ್ದರೆ ಅಲ್ಲೇ ನಿಲ್ಲಿಸಿ.

ಇನ್ನು ಫೋನು. ಅಲ್ಲಿ ಪ್ಯಾಕೇಜಿನ ಹೆಸರು ಎಪಿಕೆ. ವಾಟ್ಸ್ಯಾಪಿನಲ್ಲಿ ಮದುವೆ ಕರೆಯೋಲೆ ಎಂದು, ಪಿಎಂ ಕಿಸಾನ್ ಎಂದು, ಆರ್‌ಟಿಓ ದಂಡ ಎಂದು ಬರುವ ಎಪಿಕೆ ಕಡತಗಳ ಬಗ್ಗೆ ಪೊಲೀಸರು ಎಚ್ಚರಿಸುತ್ತಲೇ ಇದ್ದಾರೆ. ಒತ್ತಿದರೆ 'ಅಪರಿಚಿತ ಮೂಲದಿಂದ ಹಾಕಬೇಕೇ' ಎಂದು ಫೋನು ಕೇಳುತ್ತದೆ. ಹೌದು ಎಂದರೆ ಎಸ್‌ಎಂಎಸ್ ಓದಲು ಅನುಮತಿ ಕೇಳುತ್ತದೆ. ಅದಕ್ಕೂ ಹೌದು ಎಂದರೆ ಬ್ಯಾಂಕಿನ ಓಟಿಪಿ ಕಳ್ಳನ ಕೈಗೆ ಹೋಗುತ್ತದೆ. ಇದು ಸಿಡ್‌ಗಿಂತ ಕಡೆ. ಸಿಡ್‌ನಲ್ಲಿ ಹೊಣೆಗಾರನ ಹೆಸರಾದರೂ ಇದೆ, ಸಾವಿರ ಜನರ ಕಣ್ಣಿದೆ, ಕೆಟ್ಟರೆ ದೂರು ಬರೆಯುವ ಜಾಗವಿದೆ. ಇದರಲ್ಲಿ ಯಾವುದೂ ಇಲ್ಲ. ಕಳಿಸಿದ್ದು ನಿಮ್ಮ ಭಾವನ ನಂಬರಿನಿಂದಲೇ ಆಗಿದ್ದರೂ ಒತ್ತಬೇಡಿ. ಮೊದಲು ಭಾವನಿಗೆ ಫೋನು ಮಾಡಿ. ಅವನ ಫೋನು ಆಗಲೇ ಕಳ್ಳನ ಕೈಗೆ ಸಿಕ್ಕಿರಬಹುದು. ಒತ್ತಿ ಆಗಿದ್ದರೆ ಇಂಟರ್ನೆಟ್ ಬಂದ್ ಮಾಡಿ, ಬ್ಯಾಂಕಿಗೆ ಹೇಳಿ, ಇನ್ನೊಂದು ಫೋನಿನಿಂದ 1930ಕ್ಕೆ ಕರೆ ಮಾಡಿ.