ಡೊಂಬಿವ್ಲಿಯಿಂದ ವಾಗ್ಳೆ ಎಸ್ಟೇಟ್‌ಗೆ: ಸ್ಕೂಟರ್ ಬಿಟ್ಟು ರೈಲು ಹತ್ತಿಸುತ್ತಾ ‘ಮುಂಬೈ ಒನ್’ ಆ್ಯಪ್?

ಠಾಣೆ: ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿರುವ ಡೊಂಬಿವ್ಲಿಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ಸುಮಾರು 15 ಕಿ.ಮೀ. ಅಲ್ಲಿಂದ ವಾಗ್ಳೆ ಎಸ್ಟೇಟ್‌ಗೆ ಮತ್ತೆ ಸುಮಾರು 3 ಕಿ.ಮೀ. ಮನೆಯಿಂದ ಸ್ಕೂಟರ್ ತೆಗೆಯಬೇಕೋ, ರೈಲು ಹತ್ತಬೇಕೋ ಎಂಬ ಬೆಳಗಿನ ಪ್ರಶ್ನೆ ಇತ್ಯರ್ಥವಾಗುವುದು ಬಹುಪಾಲು ಈ ಕೊನೆಯ 3 ಕಿ.ಮೀ.ಯಲ್ಲೇ. ಬಸ್ ಯಾವಾಗ ಬರುತ್ತದೆ, ರಿಕ್ಷಾ ಕ್ಯೂ ಎಷ್ಟು ಉದ್ದ ಇದೆ ಎಂಬುದು ಗೊತ್ತಿಲ್ಲದಿದ್ದರೆ ಸ್ಕೂಟರೇ ವಾಸಿ ಎನಿಸುವುದು ಸಹಜ.

ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ (ಎಂಐಡಿಸಿ) 1962ರಲ್ಲಿ ಶುರುವಾದಾಗ ಅದರ ಮೊದಲ ಕೈಗಾರಿಕಾ ಪ್ರದೇಶಗಳಲ್ಲಿ ವಾಗ್ಳೆ ಎಸ್ಟೇಟ್ ಕೂಡ ಒಂದು. ಈಗ ಹಳೆಯ ಕಾರ್ಖಾನೆಗಳ ಪಕ್ಕದಲ್ಲೇ ಐಟಿ ಕಟ್ಟಡಗಳೂ ಎದ್ದಿವೆ.

ಏನಿದು ಮುಂಬೈ ಒನ್?

2025ರ ಅಕ್ಟೋಬರ್ 8ರಂದು ಪ್ರಧಾನಿ ನರೇಂದ್ರ ಮೋದಿ ಈ ಆ್ಯಪ್‌ಗೆ ಚಾಲನೆ ನೀಡಿದರು. ಲೋಕಲ್ ರೈಲು, ಮೆಟ್ರೋ, ಮೋನೋರೈಲು, ಬೆಸ್ಟ್ ಬಸ್ ಸೇರಿ ಒಟ್ಟು 11 ಸಾರಿಗೆ ಸೇವೆಗಳು ಇದರಲ್ಲಿವೆ. ಠಾಣೆಯ ಟಿಎಂಟಿ, ಕಲ್ಯಾಣ್-ಡೊಂಬಿವ್ಲಿಯ ಕೆಡಿಎಂಟಿ, ನವಿ ಮುಂಬೈನ ಎನ್‌ಎಂಎಂಟಿ ಬಸ್‌ಗಳೂ ಈ ಪಟ್ಟಿಗೆ ಸೇರಿವೆ. ಮನೆ ಹತ್ತಿರದ ಬಸ್, ನಂತರ ರೈಲು, ಮತ್ತೆ ಬಸ್ ಹೀಗೆ ಬದಲಿಸಿ ಹೋಗುವವರಿಗೆ ಒಂದೇ ಟಿಕೆಟ್ ಕೊಡುವುದು ಇದರ ಉದ್ದೇಶ. ತಡವಾದರೆ ಮಾಹಿತಿ, ಬೇರೆ ದಾರಿ, ತಲುಪುವ ಅಂದಾಜು ಸಮಯವನ್ನೂ ತೋರಿಸುವಂತೆ ಆ್ಯಪ್ ರೂಪಿಸಲಾಗಿದೆ.

ಸೆಂಟ್ರಲ್ ರೈಲ್ವೆಯ ‘ಯಾತ್ರಿ’ ಆ್ಯಪ್ 2022ರಿಂದಲೇ ಲೋಕಲ್ ರೈಲು ಎಲ್ಲಿದೆ ಎಂದು ಮ್ಯಾಪ್‌ನಲ್ಲಿ ತೋರಿಸುತ್ತಿದೆ. ಬೆಂಗಳೂರಿನವರಿಗೂ ಇದು ಹೊಸದಲ್ಲ. ನಮ್ಮ ಮೆಟ್ರೋ 2022ರ ನವೆಂಬರ್ 1ರಂದು ವಾಟ್ಸ್‌ಆ್ಯಪ್ ಟಿಕೆಟ್ ತಂದಾಗ ಶೇ. 5ರಷ್ಟು ರಿಯಾಯಿತಿಯನ್ನೂ ಕೊಟ್ಟಿತ್ತು. ಕ್ಯೂ ತಪ್ಪುತ್ತದೆ, ನಾಲ್ಕು ಕಾಸೂ ಉಳಿಯುತ್ತದೆ ಎಂದರೆ ಜನರ ಅಭ್ಯಾಸ ಬೇಗ ಬದಲಾಗುತ್ತದೆ.

ಆ್ಯಪ್‌ಗೆ ಸಿಗದ ರಿಕ್ಷಾ

ಆದರೆ ಠಾಣೆ ಸ್ಟೇಷನ್‌ನಿಂದ ಹೊರಬಂದ ಬಹಳಷ್ಟು ನೌಕರರು ಹತ್ತುವುದು ಶೇರ್ ರಿಕ್ಷಾ. ಮೂವರು ಹಂಚಿಕೊಳ್ಳುವುದರಿಂದ ದುಡ್ಡೂ ಉಳಿತಾಯ, ಇಂಧನವೂ ಉಳಿತಾಯ. ಮುಂಬೈ ಒನ್‌ನ 11 ಸೇವೆಗಳಲ್ಲಿ ಇದಕ್ಕೆ ಜಾಗವಿಲ್ಲ. ಪರಿಸರದ ಲೆಕ್ಕದಲ್ಲಿ ಇದೊಂದು ದೊಡ್ಡ ಕೊರತೆಯೇ.

ಇನ್ನೊಂದು ಸಮಸ್ಯೆ ಇದಕ್ಕಿಂತ ಗಂಭೀರ. 2025ರ ಜೂನ್ 9ರಂದು ಇದೇ ಮಾರ್ಗದ ಮುಂಬ್ರಾ ಬಳಿ ಕಿಕ್ಕಿರಿದ ಲೋಕಲ್‌ಗಳ ಬಾಗಿಲಲ್ಲಿ ನೇತಾಡುತ್ತಿದ್ದವರು ಕೆಳಗೆ ಬಿದ್ದು ಕನಿಷ್ಠ ನಾಲ್ವರು ಪ್ರಾಣ ಕಳೆದುಕೊಂಡರು. ಬಳಿಕ ರೈಲ್ವೆ ಇಲಾಖೆ, ಮುಂಬೈ ಲೋಕಲ್‌ಗಳಿಗೆ ತಾನಾಗಿ ಮುಚ್ಚುವ ಬಾಗಿಲು ಅಳವಡಿಸುವುದಾಗಿ ಪ್ರಕಟಿಸಿತು. ರೈಲು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಫೋನ್ ಹೇಳಬಹುದು, ಒಳಗೆ ಕಾಲಿಡಲು ಜಾಗ ಮಾಡಿಕೊಡಲಾರದು. ಜೀವಭಯದಿಂದ ರೈಲು ಬಿಟ್ಟವರನ್ನು ಟಿಕೆಟ್ ಸುಲಭವಾಗಿದೆ ಎಂದು ವಾಪಸ್ ಕರೆತರುವುದು ಕಷ್ಟ.

ಮುಂದೇನು?

ಟಿಎಂಟಿ 2023ರಿಂದ ಎಲೆಕ್ಟ್ರಿಕ್ ಬಸ್‌ಗಳನ್ನು ಓಡಿಸುತ್ತಿದೆ. ವಡಾಳಾ-ಕಾಸರ್‌ವಡವಲಿ ಮೆಟ್ರೋ 4 ಮಾರ್ಗದಲ್ಲಿ ವಾಗ್ಳೆ ಎಸ್ಟೇಟ್‌ಗೆ ಹತ್ತಿರದ ತೀನ್ ಹಾತ್ ನಾಕಾ ನಿಲ್ದಾಣ ಬರಲಿದೆ. ಕೇಂದ್ರ ಸಂಪುಟ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟ 29 ಕಿ.ಮೀ. ಉದ್ದದ ಠಾಣೆ ರಿಂಗ್ ಮೆಟ್ರೋದ 22 ನಿಲ್ದಾಣಗಳಲ್ಲಿ ವಾಗ್ಳೆ ಸರ್ಕಲ್ ಕೂಡ ಒಂದು. ಇದು ಪೂರ್ಣಗೊಳ್ಳಬೇಕಿರುವುದು 2029ಕ್ಕೆ. ಅಲ್ಲಿಯವರೆಗೆ ಸ್ಟೇಷನ್‌ನಿಂದ ಆಫೀಸಿಗೆ ಟಿಎಂಟಿ ಬಸ್ ಇಲ್ಲವೇ ಶೇರ್ ರಿಕ್ಷಾವೇ ಗತಿ.